ಗೋಸುಂಬೆಯ ಗೂಡು ಮತ್ತು ತೇವ: ಮೊದಲ ದಿನಕ್ಕೂ ಮುಂಚೆ ಮಾಡಬೇಕಾದ ಕೆಲಸ

ಗೋಸುಂಬೆ ಸಾಕಲು ಹೊರಟವರು ಮೊದಲ ವಾರವೇ ಕೇಳುವ ಪ್ರಶ್ನೆ ಇದು: "ಗೂಡಿನೊಳಗೆ ತೇವಾಂಶ ಎಷ್ಟು ಪರ್ಸೆಂಟ್ ಇರಬೇಕು?" ಯಾರಾದರೂ ಒಂದು ನಂಬರ್ ಹೇಳಿದರೆ ಅದನ್ನೇ ಹಿಡಿದುಕೊಳ್ಳುತ್ತಾರೆ. ಮೀಟರ್ ಯಾವಾಗಲೂ 70 ತೋರಿಸಲಿ ಅಂತ ಹಗಲೆಲ್ಲ ನೀರು ಚಿಮುಕಿಸುತ್ತಾರೆ. ಗೂಡು ಒಣಗುವುದೇ ಇಲ್ಲ. ಆಮೇಲೆ ಗೋಸುಂಬೆ ತಲೆ ಎತ್ತಿ ಬಾಯಿ ತೆರೆದು ಉಸಿರಾಡಲು ಶುರು ಮಾಡಿದಾಗ ಮತ್ತೆ ಕೇಳುತ್ತಾರೆ: "ತೇವ ಸಾಲಲಿಲ್ವಾ?"

ಅಲ್ಲಿ ಸಾಲದೇ ಹೋದದ್ದು ಗೂಡು ಒಣಗುವ ಹೊತ್ತು.

ಗೋಸುಂಬೆಗಳ ಹುಟ್ಟೂರಿನಲ್ಲಿ ರಾತ್ರಿ ಗಾಳಿ ತಣ್ಣಗಾಗುತ್ತದೆ, ತೇವ ಏರುತ್ತದೆ, ಬೆಳಗಿನ ಜಾವ ಎಲೆಗಳ ಮೇಲೆ ಇಬ್ಬನಿ ಕೂರುತ್ತದೆ. ಆ ಹನಿಗಳನ್ನು ನೆಕ್ಕಿಯೇ ಅವು ನೀರು ಕುಡಿಯುತ್ತವೆ. ಬಿಸಿಲೇರಿದಂತೆ ಎಲೆ, ಕೊಂಬೆ ಎಲ್ಲ ಒಣಗುತ್ತವೆ. ರಾತ್ರಿಯ ತಂಪು, ಬೆಳಗಿನ ಇಬ್ಬನಿ, ಹಗಲಿನ ಒಣಗಾಳಿ, ಈ ಮೂರನ್ನೂ ಮನೆಯೊಳಗೆ ತರುವುದು ಹೇಗೆ ಅಂತ ಹಂತ ಹಂತವಾಗಿ ನೋಡೋಣ.

ಇಲ್ಲಿ ಕೊಟ್ಟಿರುವ ಅಳತೆಗಳು ಮುಖ್ಯವಾಗಿ ಎರಡು ಜಾತಿಗಳಿಗೆ. ಒಂದು ವೇಲ್ಡ್ ಗೋಸುಂಬೆ, ತಲೆ ಮೇಲೆ ಎತ್ತರದ ಶಿಖೆ ಇರುವುದು, ಯೆಮೆನ್ ಮತ್ತು ಸೌದಿ ಅರೇಬಿಯಾದ ನೈಋತ್ಯ ಭಾಗದ್ದು. ಇನ್ನೊಂದು ಮಡಗಾಸ್ಕರ್ ದ್ವೀಪದ ಪ್ಯಾಂಥರ್ ಗೋಸುಂಬೆ. ಮೂರು ಕೊಂಬಿನ ಜಾಕ್ಸನ್ ಗೋಸುಂಬೆ ಪೂರ್ವ ಆಫ್ರಿಕಾದ ಎತ್ತರದ ಬೆಟ್ಟಗಳಿಂದ ಬಂದದ್ದು. ಅದಕ್ಕೆ ಇವೆರಡಕ್ಕಿಂತ ಜಾಸ್ತಿ ತಂಪು ಬೇಕು.

ಕಾಡಿನಿಂದಲೋ ತೋಟದಿಂದಲೋ ಹಿಡಿದು ತರುವ ಯೋಚನೆ ಇದ್ದರೆ ದಯವಿಟ್ಟು ಇಲ್ಲೇ ಬಿಡಿ. ಹಲವು ದೇಶಗಳಲ್ಲಿ ಅದು ಅಪರಾಧ. ಹಿಡಿದು ತಂದ ಪ್ರಾಣಿ ಹೆದರಿಕೆಯಿಂದ, ಹೊಟ್ಟೆಯೊಳಗಿನ ಹುಳುಗಳ ಕಾಟದಿಂದ ಬೇಗ ಸೊರಗುತ್ತದೆ. ಮೇಲೆ ಹೇಳಿದ ಮೂರೂ ಜಾತಿಗಳ ಅಂತಾರಾಷ್ಟ್ರೀಯ ವ್ಯಾಪಾರ ಸೈಟೀಸ್ ಒಪ್ಪಂದದ, ಅಂದರೆ ಕಾಡು ಪ್ರಾಣಿ ಮತ್ತು ಗಿಡಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ದೇಶದೇಶಗಳ ನಡುವಿನ ಒಪ್ಪಂದದ ಹಿಡಿತದಲ್ಲಿದೆ. ಸಾಕಣೆಯಲ್ಲೇ ಹುಟ್ಟಿದ, ಕಾಗದ ಪತ್ರ ಸರಿಯಿರುವ ಪ್ರಾಣಿಯನ್ನೇ ತನ್ನಿ. ನಿಮ್ಮಲ್ಲಿನ ಕಾನೂನು ಏನು ಹೇಳುತ್ತದೆ ಅಂತ ಮೊದಲೇ ತಿಳಿದುಕೊಳ್ಳಿ.

ಹಂತ 1: ಗೂಡು

ಬೆಳೆದ ವೇಲ್ಡ್ ಅಥವಾ ಪ್ಯಾಂಥರ್ ಗೋಸುಂಬೆಗೆ 60 ಸೆಂಟಿಮೀಟರ್ ಅಗಲ, 60 ಆಳ, 120 ಎತ್ತರದ ಗೂಡು ಬೇಕು. ಅಡಿ ಲೆಕ್ಕದಲ್ಲಿ ಎರಡು, ಎರಡು, ನಾಲ್ಕು. ಇದಕ್ಕಿಂತ ದೊಡ್ಡದಾದರೆ ಒಳ್ಳೆಯದೇ. ಎತ್ತರದಲ್ಲಿ ಮಾತ್ರ ಚೌಕಾಸಿ ಬೇಡ. ಮೇಲೆ ಬಿಸಿ, ಕೆಳಗೆ ತಂಪು ಅಂತ ಎರಡು ಹವೆ ಸಿಗುವುದು ಎತ್ತರ ಇದ್ದಾಗ ಮಾತ್ರ. ತನಗೆ ಬೇಕಾದ ಹವೆ ಹುಡುಕಿಕೊಂಡು ಪ್ರಾಣಿ ಹತ್ತಿ ಇಳಿದು ಮಾಡುತ್ತದೆ.

ಗೋಡೆಗಳು ಜಾಲರಿಯದಾಗಿರಲಿ. ಮೀನಿನ ತೊಟ್ಟಿಯಂಥ ಗಾಜಿನ ಪೆಟ್ಟಿಗೆಯಲ್ಲಿ ಗಾಳಿ ಕದಲದೆ ನಿಂತುಬಿಡುತ್ತದೆ. ನಿಂತ ಗಾಳಿಗೆ ತೇವ ಮತ್ತು ಬಿಸಿ ಸೇರಿದರೆ ಬೂಷ್ಟು ಬರುತ್ತದೆ, ಬ್ಯಾಕ್ಟೀರಿಯಾ ಬೆಳೆಯುತ್ತವೆ, ಪ್ರಾಣಿಯ ಶ್ವಾಸಕೋಶ ಕೆಡುತ್ತದೆ. ಗಾಜಿನಲ್ಲಿ ತನ್ನದೇ ಪ್ರತಿಬಿಂಬ ಕಂಡು ಇನ್ನೊಂದು ಗೋಸುಂಬೆ ಬಂತು ಅಂತ ಹೆದರುವುದೂ ಉಂಟು.

ಜಾಲರಿ ಕೊಳ್ಳುವಾಗ ಬೆರಳಾಡಿಸಿ ನೋಡಿ. ಚುಚ್ಚುವ ತಂತಿಯಾದರೆ ಬೇಡ, ಕಾಲ್ಬೆರಳು ಗಾಯವಾಗುತ್ತದೆ. ನಯವಾದ ಅಲ್ಯೂಮಿನಿಯಂ ಜಾಲರಿ ಅಥವಾ ಪ್ಲಾಸ್ಟಿಕ್ ಲೇಪ ಇರುವ ತಂತಿ ಆಗಬಹುದು. ಸೊಳ್ಳೆ ಪರದೆಯ ನೈಲಾನ್ ಬಲೆ ಬೇಡವೇ ಬೇಡ. ಉಗುರು ಸಿಕ್ಕಿಕೊಳ್ಳುತ್ತದೆ, ತಿನ್ನಲು ಬಿಟ್ಟ ಮಿಡತೆ ಅದನ್ನು ಕಡಿದು ತೂತು ಮಾಡುತ್ತದೆ, ಮೇಲಿನ ದೀಪದ ಬಿಸಿಗೆ ಕರಗಲೂಬಹುದು.

ನಿಮ್ಮ ಕೋಣೆಯ ಗಾಳಿ ತುಂಬ ಒಣ ಇದ್ದರೆ ಗೂಡಿನ ಹಿಂಬದಿ ಮತ್ತು ಎರಡು ಪಕ್ಕಗಳಿಗೆ ಹೊರಗಿನಿಂದ ದಪ್ಪ ಪ್ಲಾಸ್ಟಿಕ್ ಹಾಳೆ ಅಂಟಿಸಿ. ಮುಂದೆ ಮತ್ತು ಮೇಲೆ ಬಿಡಿ. ಕೆಳಗಿನಿಂದ ಗಾಳಿ ಒಳಗೆ ಬಂದು ಬಿಸಿಯಾಗಿ ಮೇಲಿನಿಂದ ಹೊರಗೆ ಹೋಗುವುದು ಮಾತ್ರ ನಿಲ್ಲಬಾರದು. ಮೊದಲೇ ತೇವ ಜಾಸ್ತಿ ಇರುವ ಹವೆಯಾದರೆ ಏನನ್ನೂ ಮುಚ್ಚಬೇಡಿ.

ನೆಲಕ್ಕೆ ಮಣ್ಣು, ತೆಂಗಿನ ನಾರಿನ ಪುಡಿ ಹರಡಬೇಡಿ. ಬರಿ ನೆಲವೇ ಸಾಕು. ಅದಕ್ಕೆ ನಾಲ್ಕಾರು ತೂತು ಕೊರೆದು ಕೆಳಗೆ ಟ್ರೇ ಇಟ್ಟು, ಸುರಿದ ನೀರೆಲ್ಲ ಅಲ್ಲಿಗೆ ಇಳಿಯುವಂತೆ ಮಾಡಿ. ಟ್ರೇಯನ್ನು ದಿನಾ ಖಾಲಿ ಮಾಡಿ. ಈ ಚಿಕ್ಕ ಕೆಲಸವನ್ನು ಬಿಟ್ಟವರ ಗೂಡನ್ನು ವಾಸನೆಯಿಂದಲೇ ಗುರುತಿಸಬಹುದು.

ಒಂದು ಗೂಡಿಗೆ ಒಂದೇ ಗೋಸುಂಬೆ. ಜೋಡಿ ಇದ್ದರೆ ಚೆಂದ ಅಂತ ನಮಗೆ ಅನಿಸುತ್ತದೆ, ಅವಕ್ಕೆ ಹಾಗನಿಸುವುದಿಲ್ಲ. ಅಕ್ಕಪಕ್ಕ ಎರಡು ಗೂಡು ಇಟ್ಟರೆ ಒಂದಕ್ಕೊಂದು ಕಾಣದಂತೆ ನಡುವೆ ಹಲಗೆ ಇಡಿ.

ಹಂತ 2: ಎಲ್ಲಿ ಇಡುವುದು

ಗೋಸುಂಬೆಗೆ ಧೈರ್ಯ ಬರುವುದು ಎತ್ತರದಲ್ಲಿ. ಗೂಡನ್ನು ನೆಲದ ಮೇಲಿಡದೆ ಮೇಜಿನ ಮೇಲಿಡಿ. ಅದು ಕೂರುವ ಅತಿ ಎತ್ತರದ ಕೊಂಬೆ ನಿಮ್ಮ ತಲೆಗಿಂತ ಮೇಲೆ ಇರಬೇಕು. ಮೇಲಿನಿಂದ ಬರುವ ನೆರಳು ಅದರ ಪಾಲಿಗೆ ಹದ್ದು.

ಜನ ಓಡಾಡುವ ದಾರಿ, ಟಿವಿ ಪಕ್ಕ, ಅಡುಗೆಯ ಹೊಗೆ ಬರುವ ಜಾಗ, ಫ್ಯಾನ್ ಅಥವಾ ಎಸಿ ಗಾಳಿ ನೇರ ಬಡಿಯುವ ಜಾಗ, ಇವೆಲ್ಲ ಬೇಡ. ಬೆಕ್ಕು ನಾಯಿಗಳ ಕಣ್ಣಿಗೂ ಬೀಳದಿರಲಿ. ಗೋಡೆಯ ಮೂಲೆ ಒಳ್ಳೆಯದು, ಎರಡು ಕಡೆಯಾದರೂ ಭಯ ಇರುವುದಿಲ್ಲ.

ಹಂತ 3: ಕೊಂಬೆ ಮತ್ತು ಗಿಡ

ಗೋಸುಂಬೆಯ ಪಾದ ಇಕ್ಕಳದ ಹಾಗೆ. ಎರಡು ಬೆರಳು ಒಂದು ಕಡೆ, ಮೂರು ಇನ್ನೊಂದು ಕಡೆ. ಆ ಇಕ್ಕಳ ಸುತ್ತಿ ಹಿಡಿಯುವಷ್ಟೇ ದಪ್ಪದ ಕೊಂಬೆಗಳು ಬೇಕು. ಹೆಬ್ಬೆರಳು ದಪ್ಪದವು ಕೆಲವು, ಕಿರುಬೆರಳು ದಪ್ಪದವು ಕೆಲವು. ಅಡ್ಡವಾಗಿ, ಬೇರೆ ಬೇರೆ ಎತ್ತರದಲ್ಲಿ ಕಟ್ಟಿ. ಅಲ್ಲಾಡದಂತೆ ಬಿಗಿಯಾಗಿರಲಿ. ಗೂಡಿನ ಈ ತುದಿಯಿಂದ ಆ ತುದಿಗೆ ನೆಲ ಮುಟ್ಟದೆ ಹೋಗಲು ದಾರಿ ಇರಬೇಕು.

ಗಿಡ ಜೀವಂತವೇ ಆಗಿರಲಿ. ಪ್ಲಾಸ್ಟಿಕ್ ಎಲೆ ಕಚ್ಚಿ ನುಂಗಿದ ವೇಲ್ಡ್ ಗೋಸುಂಬೆಯ ಕರುಳು ಕಟ್ಟಿಕೊಳ್ಳಬಹುದು, ಆ ಜಾತಿಗೆ ಎಲೆ ತಿನ್ನುವ ಚಪಲ ಇದೆ. ಬೇರಿನಿಂದ ನೀರು ಹೀರಿ ಎಲೆಯಿಂದ ಬಿಡುವ ಜೀವಂತ ಗಿಡ ತಾನೇ ಗೂಡಿನ ತೇವವನ್ನು ಕಾಯುತ್ತದೆ. ದಾಸವಾಳ, ಸಣ್ಣೆಲೆಯ ಫೈಕಸ್, ಷೆಫ್ಲೆರಾ, ಅರೆಕಾ ಪಾಮ್, ಮನಿ ಪ್ಲಾಂಟ್ ಚೆನ್ನಾಗಿ ಹೊಂದುತ್ತವೆ. ಕಣಗಿಲೆ, ದತ್ತೂರಿ, ಡಿಫೆನ್‌ಬಾಕಿಯಾ ವಿಷ, ಹತ್ತಿರವೂ ತರಬೇಡಿ. ನರ್ಸರಿಯಿಂದ ತಂದ ಗಿಡಕ್ಕೆ ಕೀಟನಾಶಕ ಹೊಡೆದಿರುತ್ತಾರೆ. ಎಲೆಯ ಎರಡೂ ಬದಿ ತೊಳೆಯಿರಿ, ಮಣ್ಣು ಬದಲಿಸಿ, ಕೆಲವು ವಾರ ಹೊರಗಿಟ್ಟು ಆಮೇಲೆ ಒಳಗಿಡಿ. ಕುಂಡದ ಮಣ್ಣಿನ ಮೇಲೆ ಬಾಯಿಗೆ ಹಿಡಿಸದಷ್ಟು ದೊಡ್ಡ ಕಲ್ಲುಗಳನ್ನು ಹೊದಿಸಿ.

ಎಷ್ಟು ಗಿಡ ಬೇಕು? ಗೋಸುಂಬೆ ಬೇಕೆಂದಾಗ ನಿಮ್ಮ ಕಣ್ಣಿಗೆ ಪೂರ್ತಿ ಮರೆಯಾಗುವಷ್ಟು. ಅಡಗುವ ಜಾಗ ಇದೆ ಅಂತ ಗೊತ್ತಿರುವ ಗೋಸುಂಬೆಯೇ ಧೈರ್ಯವಾಗಿ ಹೊರಗೆ ಬಂದು ಕೂರುವುದು.

ಹಂತ 4: ದೀಪ ಮತ್ತು ಬಿಸಿ

ಎರಡು ಬೇರೆ ಬೇರೆ ದೀಪ ಬೇಕು. ಒಂದು ಬಿಸಿಗೆ, ಒಂದು ಯುವಿಬಿಗೆ. ಯುವಿಬಿ ಅಂದರೆ ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಒಂದು ಬಗೆಯ ಕಿರಣ. ಅದು ಮೈಗೆ ಬಿದ್ದಾಗಲೇ ಗೋಸುಂಬೆಯ ಚರ್ಮ ವಿಟಮಿನ್ ಡಿ3 ಮಾಡಿಕೊಳ್ಳುತ್ತದೆ. ಡಿ3 ಇದ್ದರೆ ಮಾತ್ರ ಕ್ಯಾಲ್ಸಿಯಂ ಮೈಗೆ ಹತ್ತುತ್ತದೆ. ಇಲ್ಲವಾದರೆ ಮೂಳೆ ಮೆತ್ತಗಾಗಿ ಕಾಲು ಬಾಗುತ್ತದೆ. ಬಾಗಿದ ಕಾಲು ಮತ್ತೆ ನೆಟ್ಟಗಾಗುವುದಿಲ್ಲ. ಕಿಟಕಿ ಗಾಜಿನ ಮೂಲಕ ಬರುವ ಬಿಸಿಲಿನಲ್ಲಿ ಯುವಿಬಿ ಹೆಚ್ಚುಕಡಿಮೆ ಇರುವುದೇ ಇಲ್ಲ, ಅದನ್ನು ನಂಬಬೇಡಿ.

ಸುರುಳಿ ಬಲ್ಬ್ ಬಿಟ್ಟು ಉದ್ದನೆಯ ಟಿ5 ಟ್ಯೂಬ್ ತೆಗೆದುಕೊಳ್ಳಿ, 16 ಮಿಲಿಮೀಟರ್ ದಪ್ಪದ್ದು. ಪೊಟ್ಟಣದ ಮೇಲೆ 6% ಅಥವಾ 5.0 ಎಂದಿರಬೇಕು. ಜಾಲರಿಯ ಮೇಲೆ ಟ್ಯೂಬ್ ಇಟ್ಟು, ಪ್ರಾಣಿ ಮೈ ಕಾಯಿಸುವ ಕೊಂಬೆಯನ್ನು ಅದರಿಂದ 20ರಿಂದ 25 ಸೆಂಟಿಮೀಟರ್ ಕೆಳಗೆ ಕಟ್ಟಿ. ಟ್ಯೂಬ್ ಬೆಳಗುತ್ತಿದ್ದರೂ ಯುವಿಬಿ ತಿಂಗಳು ತಿಂಗಳಿಗೆ ಕಮ್ಮಿಯಾಗುತ್ತದೆ. ವರ್ಷಕ್ಕೊಮ್ಮೆ ಬದಲಿಸಿ, ಹಾಕಿದ ತಾರೀಖನ್ನು ಅದರ ಮೇಲೇ ಬರೆದಿಡಿ.

ಬಿಸಿಗೆ ಸಾಮಾನ್ಯ ಬಿಳಿ ಬೆಳಕಿನ ಹ್ಯಾಲೊಜೆನ್ ಬಲ್ಬ್ ಸಾಕು. ಮೈ ಕಾಯಿಸುವ ಕೊಂಬೆಯ ಹತ್ತಿರ 29ರಿಂದ 31 ಡಿಗ್ರಿ ಸೆಲ್ಸಿಯಸ್, ಗೂಡಿನ ಕೆಳಭಾಗದಲ್ಲಿ 22ರಿಂದ 25. ಮರಿಗಳಿಗೆ ಮತ್ತು ಹೆಣ್ಣಿಗೆ ಇನ್ನೂ ಎರಡು ಡಿಗ್ರಿ ಕಮ್ಮಿ ಒಳ್ಳೆಯದು. ಅಳೆಯುವಾಗ ಕೊಂಬೆಯನ್ನಲ್ಲ, ಕೊಂಬೆಯ ಮೇಲೆ ಕೂತ ಪ್ರಾಣಿಯ ಬೆನ್ನು ಎಲ್ಲಿ ಬರುತ್ತದೋ ಅಲ್ಲಿ ಅಳೆಯಿರಿ. ವೇಲ್ಡ್ ಗಂಡಿನ ಶಿಖೆ ಬೆನ್ನಿಗಿಂತಲೂ ಎತ್ತರ, ಮೊದಲು ಸುಡುವುದು ಅದೇ. ಬಲ್ಬನ್ನು ಜಾಲರಿಗೆ ತಾಗಿಸದೆ ಕೆಲವು ಸೆಂಟಿಮೀಟರ್ ಮೇಲೆ ನೇತುಹಾಕಿ. ಗೋಸುಂಬೆ ಛಾವಣಿಗೆ ಜೋತುಬೀಳುತ್ತದೆ. ಹಾಗೆ ಜೋತಾಗ ಬಲ್ಬ್ ಹತ್ತಿರ ಇದ್ದರೆ ಮೈ ಸುಟ್ಟುಕೊಂಡರೂ ತಕ್ಷಣ ಸರಿಯುವುದಿಲ್ಲ.

ಎರಡೂ ದೀಪಗಳಿಗೆ ಟೈಮರ್ ಹಾಕಿ, 12 ಗಂಟೆ ಬೆಳಕು, 12 ಗಂಟೆ ಪೂರ್ತಿ ಕತ್ತಲು. ರಾತ್ರಿಗೆ ಕೆಂಪು ಬಲ್ಬ್, ನೀಲಿ ಬಲ್ಬ್ ಯಾವುದೂ ಬೇಡ. ರಾತ್ರಿ ತಣ್ಣಗಾಗಲೇಬೇಕು. ತೇವದ ಕೆಲಸ ನಿಂತಿರುವುದೇ ಆ ತಂಪಿನ ಮೇಲೆ.

ಹಂತ 5: ಮೀಟರ್ ನಿಜ ಹೇಳುತ್ತಿದೆಯೇ?

ತೇವಾಂಶ ಅಳೆಯುವ ಮೀಟರಿಗೆ ಹೈಗ್ರೋಮೀಟರ್ ಎನ್ನುತ್ತಾರೆ. ಮುಳ್ಳು ತಿರುಗುವ ಬಗೆಯದು ಬೇಡ, ಡಿಜಿಟಲ್ ತನ್ನಿ. ಎರಡಿದ್ದರೆ ಒಂದನ್ನು ಮೇಲೆ, ಒಂದನ್ನು ನಡುವೆ ಇಡಬಹುದು. ಅದರ ಮೇಲೆ ನೇರ ನೀರು ಬೀಳಬಾರದು, ಬಿದ್ದರೆ ಗಂಟೆಗಟ್ಟಲೆ ಸುಳ್ಳು ಹೇಳುತ್ತದೆ.

ಹೊಸ ಮೀಟರನ್ನು ಪರೀಕ್ಷಿಸುವುದು ಸುಲಭ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಒದ್ದೆ ಮರಳಿನಂತಾಗುವಷ್ಟು ಮಾತ್ರ ನೀರು ಹಾಕಿ. ಉಪ್ಪು ಪೂರ್ತಿ ಕರಗಬಾರದು. ಆ ಮುಚ್ಚಳವನ್ನೂ ಮೀಟರನ್ನೂ ಗಾಳಿ ಆಡದ ಡಬ್ಬಿಯಲ್ಲಿಟ್ಟು ಮುಚ್ಚಿ, ರಾತ್ರಿಯೆಲ್ಲ ಬಿಡಿ. ಡಬ್ಬಿಯೊಳಗಿನ ಗಾಳಿ 75 ಪರ್ಸೆಂಟಿಗೆ ಬಂದು ನಿಲ್ಲುತ್ತದೆ. ಮೀಟರ್ 70 ತೋರಿಸಿದರೆ ಅದು ಐದು ಕಮ್ಮಿ ಹೇಳುತ್ತಿದೆ ಅಂತ ಲೆಕ್ಕ. ಇದನ್ನು ಮಾಡದೆ ಮೀಟರ್ ನೋಡಿ ಗಾಬರಿಯಾಗುವುದರಲ್ಲಿ ಅರ್ಥವಿಲ್ಲ.

ಹಂತ 6: ತೇವದ ದಿನಚರಿ

ಮೊದಲು ಒಂದು ವಿಷಯ ಅರ್ಥವಾಗಬೇಕು. ಮೀಟರ್ ತೋರಿಸುವ ಪರ್ಸೆಂಟ್, ಗಾಳಿಯಲ್ಲಿ ಒಟ್ಟು ಎಷ್ಟು ನೀರಿದೆ ಅಂತ ಹೇಳುವುದಿಲ್ಲ. ಈ ಬಿಸಿಯಲ್ಲಿ ಗಾಳಿ ಎಷ್ಟು ನೀರಾವಿ ಹಿಡಿದಿಟ್ಟುಕೊಳ್ಳಬಹುದೋ ಅದರಲ್ಲಿ ಎಷ್ಟು ಪಾಲು ತುಂಬಿದೆ ಅಂತ ಹೇಳುತ್ತದೆ. ಬಿಸಿ ಗಾಳಿ ಜಾಸ್ತಿ ಹಿಡಿಯುತ್ತದೆ, ತಣ್ಣನೆ ಗಾಳಿ ಕಮ್ಮಿ. ಹಾಗಾಗಿ 30 ಡಿಗ್ರಿಯಲ್ಲಿ 40 ಪರ್ಸೆಂಟ್ ಇದ್ದ ಅದೇ ಗಾಳಿ 18 ಡಿಗ್ರಿಗೆ ಇಳಿದರೆ ಸುಮಾರು 80 ಪರ್ಸೆಂಟ್ ಆಗಿಬಿಡುತ್ತದೆ. ಒಂದು ಹನಿ ನೀರನ್ನೂ ನೀವು ಸೇರಿಸಿರುವುದಿಲ್ಲ! ಇಬ್ಬನಿ ಹುಟ್ಟುವುದೂ ಹೀಗೇ.

ಇದರಿಂದ ನಮಗೆ ಸಿಗುವ ಲಾಭ ದೊಡ್ಡದು. ಗೂಡು ರಾತ್ರಿ ತಣಿದರೆ ಅರ್ಧ ಕೆಲಸ ತಾನಾಗಿಯೇ ಆಗುತ್ತದೆ. ಬೆಳಿಗ್ಗೆ ದೀಪ ಹತ್ತಿದರೆ ಒಣಗುವ ಕೆಲಸವೂ ತಾನಾಗಿಯೇ ಆಗುತ್ತದೆ. ನಾವು ಮಾಡಬೇಕಾದ್ದು ಸ್ವಲ್ಪ ಕೈ ಜೋಡಿಸುವುದಷ್ಟೇ. ಬೆಳಿಗ್ಗೆ ಏಳಕ್ಕೆ ದೀಪ ಹತ್ತಿ ಸಂಜೆ ಏಳಕ್ಕೆ ಆರುತ್ತದೆ ಎಂದುಕೊಂಡರೆ ದಿನಚರಿ ಹೀಗಿರುತ್ತದೆ.

ಸಂಜೆ ದೀಪ ಆರಿ ಒಂದು ಗಂಟೆಯಾದ ಮೇಲೆ, ಗೂಡು ತಣಿದಿರುವಾಗ, ಒಂದೆರಡು ನಿಮಿಷ ತುಂತುರು ಹೊಡೆಯಿರಿ.

ಮಧ್ಯರಾತ್ರಿಯಿಂದ ಬೆಳಗಿನ ಐದರವರೆಗೆ ಫಾಗರ್, ಅಂದರೆ ಮಂಜಿನ ಯಂತ್ರ. ಕಾಲು ಗಂಟೆ ಓಡಲಿ, ಕಾಲು ಗಂಟೆ ನಿಲ್ಲಲಿ. ಮೀಟರ್ 80ರಿಂದ 100ರ ನಡುವೆ ಇರಬೇಕು. ನಿದ್ದೆಯಲ್ಲಿ ಈ ತೇವಗಾಳಿ ಉಸಿರಾಡುವಾಗ ಗೋಸುಂಬೆಯ ಮೈಯಿಂದ ಆರಿಹೋಗುವ ನೀರು ಬಹಳ ಕಮ್ಮಿಯಾಗುತ್ತದೆ.

ಬೆಳಿಗ್ಗೆ ದೀಪ ಹತ್ತುವ ಅರ್ಧ ಗಂಟೆ ಮೊದಲು ಎರಡು ನಿಮಿಷ ತುಂತುರು. ಇದೇ ನಮ್ಮ ಇಬ್ಬನಿ. ಬೆಳಕು ಬಂದಾಗ ಎಲೆಗಳ ಮೇಲೆ ಹನಿ ಕೂತಿರಬೇಕು. ಎದ್ದ ಗೋಸುಂಬೆ ಮೊದಲು ಅದನ್ನು ನೆಕ್ಕಿ, ಆಮೇಲೆ ಮೈ ಕಾಯಿಸಲು ಹೋಗುತ್ತದೆ.

ಅಲ್ಲಿಂದ ಮುಂದೆ ಹಗಲೆಲ್ಲ ಬಿಟ್ಟುಬಿಡಿ. ಒಂದೆರಡು ಗಂಟೆಯಲ್ಲಿ ಎಲೆ ಒಣಗಬೇಕು. ಮಧ್ಯಾಹ್ನ ಮೀಟರ್ 35, 40, 50 ಅಂತ ತೋರಿಸಿದರೆ ಅದು ಸರಿಯಾಗಿದೆ. ಕೈ ಕಡಿಯುತ್ತಿದ್ದರೂ ಸ್ಪ್ರೇ ಬಾಟಲಿ ಮುಟ್ಟಬೇಡಿ.

ಮಧ್ಯಾಹ್ನ ಮೂರರ ಹೊತ್ತಿಗೆ ಒಂದು ಡ್ರಿಪ್ಪರ್ ಇಡಿ. ಪ್ಲಾಸ್ಟಿಕ್ ಲೋಟದ ತಳಕ್ಕೆ ಸೂಜಿಯಲ್ಲಿ ತೂತು ಮಾಡಿ ಜಾಲರಿಯ ಮೇಲಿಟ್ಟರೂ ಆಯಿತು. ಎಲೆಯ ಮೇಲೆ ಸೆಕೆಂಡಿಗೊಂದು ಹನಿಯಂತೆ 15ರಿಂದ 20 ನಿಮಿಷ ಬೀಳಲಿ. ಇದು ನಿಮಗೆ ಪರೀಕ್ಷೆಯೂ ಹೌದು. ಗೋಸುಂಬೆ ಅದರ ಕಡೆ ತಿರುಗಿಯೂ ನೋಡದಿದ್ದರೆ ರಾತ್ರಿಯ ತೇವ ಸಾಕಾಗಿದೆ. ದಿನಾ ಬಂದು ಹತ್ತು ನಿಮಿಷ ಕುಡಿದರೆ ರಾತ್ರಿ ಮತ್ತು ಬೆಳಗಿನ ತುಂತುರು ಹೆಚ್ಚಿಸಿ.

ಯಂತ್ರ ಇಲ್ಲದಿದ್ದರೆ? ಪಂಪ್ ಮಾಡಿ ಒತ್ತಡ ತುಂಬುವ ಕೈ ಸ್ಪ್ರೇಯರಿನಿಂದ ಬೆಳಿಗ್ಗೆ ಮತ್ತು ಸಂಜೆ ಎರಡು ಮೂರು ನಿಮಿಷ ಹೊಡೆದರೂ ನಡೆಯುತ್ತದೆ. ನೀರು ಎಲೆಗೆ ಬೀಳಲಿ, ಪ್ರಾಣಿಯ ಮುಖಕ್ಕೆ ಬೇಡ. ನೀರಿನ ಬಟ್ಟಲು ಇಡುವುದರಿಂದ ಹೆಚ್ಚು ಪ್ರಯೋಜನವಿಲ್ಲ. ಬಹುತೇಕ ಗೋಸುಂಬೆಗಳು ನಿಂತ ನೀರನ್ನು ನೀರು ಅಂತ ಗುರುತಿಸುವುದಿಲ್ಲ. ಬಾಯಾರಿದೆ ಅಂತ ಅದನ್ನು ಬಚ್ಚಲಿಗೆ ಒಯ್ದು ಸ್ನಾನ ಮಾಡಿಸುವುದಂತೂ ಬೇಡವೇ ಬೇಡ. ಹೆದರಿಕೆ ಬಿಟ್ಟು ಬೇರೇನೂ ಅದಕ್ಕೆ ಸಿಗುವುದಿಲ್ಲ.

ಈಗ ಫಾಗರ್ ಬಗ್ಗೆ ಮೂರು ಎಚ್ಚರಿಕೆ. ಇವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಮೊದಲನೆಯದು, ಬಿಸಿ ಇರುವಾಗ ಮಂಜು ಬೇಡ. ಗೂಡು 20 ಡಿಗ್ರಿಯ ಆಸುಪಾಸಿಗೆ ಇಳಿದಿದ್ದರೆ ಮಾತ್ರ ಓಡಿಸಿ. ನಿಮ್ಮ ಕೋಣೆ ರಾತ್ರಿಯೂ 25 ಡಿಗ್ರಿ ಇದ್ದರೆ ಫಾಗರ್ ಬಂದ್ ಮಾಡಿ, ಬೆಳಗಿನ ತುಂತುರಿನ ಮೇಲೆ ಅವಲಂಬಿಸಿ. ಗೂಡಿಗೆ ನೇರ ಬಡಿಯದಂತೆ ಸಣ್ಣ ಫ್ಯಾನ್ ಇಟ್ಟು ಕೋಣೆಯ ಗಾಳಿ ಓಡಾಡುವಂತೆ ನೋಡಿಕೊಳ್ಳಿ. ಸೆಕೆಯಲ್ಲಿ ತುಂಬಿದ ಮಂಜು ಸೋಂಕಿಗೆ ಬಾಗಿಲು ತೆರೆದಂತೆ.

ಎರಡನೆಯದು, ಡಿಸ್ಟಿಲ್ಡ್ ಅಥವಾ ಆರ್‌ಒ ನೀರನ್ನೇ ಹಾಕಿ. ಫಾಗರ್ ನೀರನ್ನು ಕುದಿಸುವುದಿಲ್ಲ, ಕಂಪನದಿಂದ ಪುಡಿ ಮಾಡುತ್ತದೆ. ನೀರಿನಲ್ಲಿರುವ ಸುಣ್ಣ, ಬ್ಯಾಕ್ಟೀರಿಯಾ ಎಲ್ಲವೂ ಮಂಜಿನ ಜೊತೆ ಶ್ವಾಸಕೋಶಕ್ಕೆ ಹೋಗುತ್ತವೆ.

ಮೂರನೆಯದು, ವಾರಕ್ಕೊಮ್ಮೆ ತೊಟ್ಟಿ ಮತ್ತು ಪೈಪನ್ನು 3% ಹೈಡ್ರೋಜನ್ ಪೆರಾಕ್ಸೈಡಿನಿಂದ ತೊಳೆದು, ಚೆನ್ನಾಗಿ ಜಾಲಾಡಿಸಿ, ಪೂರ್ತಿ ಒಣಗಿಸಿ. ಪೈಪ್ ನಡುವೆ ಜೋತು ಬಿದ್ದಿದ್ದರೆ ಆ ಬಾಗಿನಲ್ಲಿ ನೀರು ನಿಂತು ಪಾಚಿಗಟ್ಟುತ್ತದೆ. ನಾನು ಮೊದಲು ಫಾಗರ್ ಇಟ್ಟಾಗ ತೊಟ್ಟಿ ತೊಳೆಯುತ್ತಿದ್ದೆ, ಪೈಪ್ ಮರೆತಿದ್ದೆ. ಎರಡು ತಿಂಗಳಾದ ಮೇಲೆ ಅದರೊಳಗೆ ಕಂಡ ಕಪ್ಪು ಲೋಳೆಯನ್ನು ಇವತ್ತಿಗೂ ಮರೆತಿಲ್ಲ.

ಹಂತ 7: ಖಾಲಿ ಗೂಡನ್ನು ಒಂದು ವಾರ ಓಡಿಸಿ

ಪ್ರಾಣಿಯನ್ನೂ ಗೂಡನ್ನೂ ಒಂದೇ ದಿನ ತರುವುದು ಎಲ್ಲರೂ ಮಾಡುವ ತಪ್ಪು. ಆಸೆ ಗೊತ್ತಾಗುತ್ತದೆ, ಆದರೂ ಒಂದು ವಾರ ತಡೆಯಿರಿ. ಗಿಡ, ದೀಪ, ತುಂತುರು ಎಲ್ಲ ಹಾಕಿ ಟೈಮರ್ ಪ್ರಕಾರ ಓಡಲಿ. ಬೆಳಿಗ್ಗೆ, ಮಧ್ಯಾಹ್ನ, ಮಲಗುವ ಮುಂಚೆ ಬಿಸಿ ಮತ್ತು ತೇವ ಬರೆದಿಡಿ. ಮಧ್ಯಾಹ್ನಕ್ಕೂ ನೆಲ ಒದ್ದೆ ಇದ್ದರೆ ತುಂತುರಿನ ಹೊತ್ತು ಕಮ್ಮಿ ಮಾಡಿ. ಬೆಳಗಾಗುವಷ್ಟರಲ್ಲೇ ಎಲೆ ಒಣಗಿದ್ದರೆ ಇನ್ನೊಂದು ಬದಿಗೆ ಪ್ಲಾಸ್ಟಿಕ್ ಹಾಳೆ ಹಾಕಿ. ಇದನ್ನೆಲ್ಲ ಪ್ರಾಣಿ ಬಂದ ಮೇಲೆ ಸರಿಪಡಿಸಲು ಹೋದರೆ ದಿನಕ್ಕೆ ಹತ್ತು ಸಲ ಗೂಡಿನೊಳಗೆ ಕೈ ಹಾಕಬೇಕಾಗುತ್ತದೆ.

ಹೆಣ್ಣು ಗೋಸುಂಬೆ ತರುವವರು ಮೊಟ್ಟೆ ಇಡುವ ತೊಟ್ಟಿಯನ್ನೂ ಈಗಲೇ ಸಿದ್ಧ ಮಾಡಿ. ವೇಲ್ಡ್ ಹೆಣ್ಣು ಗಂಡಿನ ಸಂಗವಿಲ್ಲದೆಯೂ ಮೊಟ್ಟೆ ಇಡುತ್ತದೆ. 30 ಸೆಂಟಿಮೀಟರ್ ಆಳದ ಬಕೆಟ್ ಅಥವಾ ಡಬ್ಬಿಯಲ್ಲಿ ತೊಳೆದ ಮರಳು ತುಂಬಿ, ಬೆರಳಿನಿಂದ ಸುರಂಗ ತೋಡಿದರೆ ಕುಸಿಯದಷ್ಟು ಒದ್ದೆ ಮಾಡಿ ಗೂಡಿನ ನೆಲದ ಮೇಲಿಡಿ. ಎಂದೂ ಕೆಳಗಿಳಿಯದ ಹೆಣ್ಣು ನೆಲದ ಮೇಲೆ ಓಡಾಡಿ ಕೆರೆಯಲು ಶುರು ಮಾಡಿದರೆ ಗೂಡಿನ ಮುಂಭಾಗಕ್ಕೆ ಬಟ್ಟೆ ಹೊದಿಸಿ ದೂರ ಇರಿ. ಇಣುಕಿ ನೋಡಿದರೆ ತೋಡುವುದನ್ನು ಬಿಟ್ಟುಬಿಡುತ್ತದೆ. ಮೊಟ್ಟೆ ಹೊಟ್ಟೆಯಲ್ಲೇ ಉಳಿದರೆ ಜೀವ ಹೋಗುತ್ತದೆ.

ಗೋಸುಂಬೆ ಬಂದ ಮೇಲೆ ಏನು ನೋಡಬೇಕು

ಮೀಟರಿಗಿಂತ ಚೆನ್ನಾಗಿ ಹೇಳುವುದು ಹಿಕ್ಕೆ. ಅದರಲ್ಲಿ ಕಂದು ಭಾಗದ ಜೊತೆ ಒಂದು ಬಿಳಿ ಭಾಗ ಇರುತ್ತದೆ, ಅದು ಗೋಸುಂಬೆಯ ಮೂತ್ರ. ಬಿಳಿ ಇದ್ದರೆ, ತುದಿಯಲ್ಲಿ ಸ್ವಲ್ಪ ಹಳದಿ ಇದ್ದರೂ ಚಿಂತೆಯಿಲ್ಲ. ಪೂರ್ತಿ ಕಿತ್ತಳೆ ಬಣ್ಣಕ್ಕೆ ತಿರುಗಿ ಒಣಗಿದ್ದರೆ ನೀರು ಸಾಲುತ್ತಿಲ್ಲ. ಕಣ್ಣಿನ ಗೋಪುರ ಒಳಗೆ ಕುಸಿದಿದ್ದರೆ, ಪೊರೆ ಬಿಟ್ಟಾಗ ಬೆರಳು ಅಥವಾ ಬಾಲದ ತುದಿಯಲ್ಲಿ ಹಾಗೇ ಅಂಟಿಕೊಂಡಿದ್ದರೆ ಅದೂ ನೀರಿನ ಕೊರತೆಯ ಗುರುತು. ಅಂಟಿದ ಪೊರೆಯನ್ನು ಎಳೆಯಬೇಡಿ.

ಬಿಸಿ ಬಲ್ಬಿನ ಕೆಳಗೆ ಬಾಯಿ ತೆರೆದರೆ ಅದಕ್ಕೆ ಸೆಕೆಯಾಗಿದೆ, ಬಲ್ಬ್ ಮೇಲೆ ಎತ್ತಿ. ಬೆಳಿಗ್ಗೆ ಮೈ ಕಪ್ಪಗಾಗಿಸಿಕೊಂಡು ಕೂತರೆ ಹೆದರಬೇಡಿ, ಕಪ್ಪು ಮೈ ಬೇಗ ಬಿಸಿ ಹೀರುತ್ತದೆ. ದಿನವಿಡೀ ಕಪ್ಪಗೇ ಇದ್ದರೆ ಚಳಿಯೋ ಭಯವೋ ನೋವೋ ಏನೋ ಇದೆ. ಆದರೆ ತಂಪಾದ ಜಾಗದಲ್ಲೂ ತಲೆ ಎತ್ತಿ ಬಾಯಿ ತೆರೆಯುವುದು, ಉಸಿರಿನಲ್ಲಿ ಟಿಕ್ ಟಿಕ್ ಶಬ್ದ, ಬಾಯಂಚಿನಲ್ಲಿ ಲೋಳೆ ಅಥವಾ ಗುಳ್ಳೆ, ಹಗಲಲ್ಲಿ ಕಣ್ಣು ಮುಚ್ಚಿ ಕೂರುವುದು, ಇವುಗಳಲ್ಲಿ ಒಂದು ಕಂಡರೂ ಮನೆಮದ್ದು ಬೇಡ. ಅದೇ ದಿನ ಪಶುವೈದ್ಯರ ಬಳಿ ಹೋಗಿ. ಸರೀಸೃಪ ನೋಡುವ ವೈದ್ಯರು ಕಮ್ಮಿ, ಹಾಗಾಗಿ ಪ್ರಾಣಿ ತರುವ ಮೊದಲೇ ಹುಡುಕಿ ನಂಬರ್ ಇಟ್ಟುಕೊಂಡಿರಿ. ಹೋಗುವಾಗ ಗೂಡಿನ ಫೋಟೊ, ಬಿಸಿ ಮತ್ತು ತೇವ ಬರೆದಿಟ್ಟ ಪುಸ್ತಕ, ಹೊಸ ಹಿಕ್ಕೆಯ ಒಂದು ತುಣುಕು, ಮೂರನ್ನೂ ತೆಗೆದುಕೊಂಡು ಹೋಗಿ.